ಪರಜಿಲ್ಲೆಯ ಪೊಲೀಸರು ಬಂದಾಗ

ಪರಜಿಲ್ಲೆಯ ಪೊಲೀಸರಿಗೆ ನಮ್ಮೂರಲ್ಲಿ ಅಧಿಕಾರವೇ ಇಲ್ಲವೆಂದು ಅನೇಕರು ನಂಬಿದ್ದಾರೆ. ಅದು ಸರಿಯಲ್ಲ. ವಾರಂಟಿಲ್ಲದೆ ಬಂಧಿಸಬಹುದಾದವನನ್ನು ಭಾರತದಲ್ಲೆಲ್ಲಿಯಾದರೂ ಬೆನ್ನಟ್ಟಿ ಹಿಡಿಯಲು 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 45ನೆಯ ಕಲಮು ಅವಕಾಶ ಕೊಟ್ಟಿದೆ. ಆದರೆ ಗುಟ್ಟಾಗಿ ಸಾಗಿಸಲು ಯಾವ ಕಾನೂನೂ ಅಧಿಕಾರ ಕೊಟ್ಟಿಲ್ಲ. ಬಂಧನದ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಹೆಸರಿನ ಬಿಲ್ಲೆ ಕಾಣುವಂತಿರಬೇಕು, ಬಂಧನಪತ್ರಕ್ಕೆ ಸಾಕ್ಷಿಯ ಸಹಿ ಬೇಕು ಎಂದು 1996ರ ಡಿ. ಕೆ. ಬಸು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ವಿಧಿಸಿದೆ.

ಗಿರಣಿಯ ಬಾಗಿಲಿನಿಂದಾಗಲಿ ಅಂಗಡಿಯಿಂದಾಗಲಿ ನಮ್ಮವರನ್ನು ಒಯ್ದರೆ ನಾವು ಕೈಮಾಡುವುದು ಬೇಡ, ಓಡುವುದೂ ಬೇಡ. ಹೆಸರು, ಠಾಣೆ, ಗಾಡಿಯ ನಂಬರು, ಹೊತ್ತು ಬರೆದುಕೊಳ್ಳೋಣ. ಸಾಕ್ಷಿಯಾಗಿ ಸಹಿ ಹಾಕೋಣ. ಕೂಡಲೇ ನಮ್ಮ ಠಾಣೆಗೂ ವಕೀಲರಿಗೂ ತಿಳಿಸೋಣ. ಬಂಧುಗಳೇ, ಹತ್ತು ಜನ ನೋಡಿ ಬರೆದಿಟ್ಟ ಬಂಧನವನ್ನು ಮುಚ್ಚಿಹಾಕುವುದು ಕಷ್ಟ.