ಮನೆಯ ಪೆಟ್ಟಿಗೆಯೂ ಮನದ ನಂಬುಗೆಯೂ



ಯುಗಾದಿಯು ಸಮೀಪಿಸಿತೆಂದರೆ ಉಚ್ಚಂಗಿದುರ್ಗದ ಸುತ್ತಣ ಹಳ್ಳಿಗಳಲ್ಲಿ ಮನೆಮನೆಗೂ ಸುಣ್ಣಸಾರಣೆಯಾಗುವುದು. ದುರ್ಗದ ಎಲ್ಲಮ್ಮನ ಜಾತ್ರೆಗೆ ನೆಂಟರಿಷ್ಟರು ಬರುವರು. ಅವರು ಬರುವುದರೊಳಗಾಗಿ ಅಟ್ಟದ ಮೇಲಣ ಪೆಟ್ಟಿಗೆಗಳೆಲ್ಲ ಅಂಗಳಕ್ಕೆ ಇಳಿಯುವುವು. ತೊಡಕು ಮೊದಲಾಗುವುದೇ ಆಗ. ಹರಿದ ಕೌದಿಯನ್ನು ಬಿಸುಡೋಣವೆಂದರೆ ಅದು ಅಜ್ಜಿ ಹೊಲಿದುದು. ಸವೆದ ಬೀಸುವ ಕಲ್ಲನ್ನು ಹೊರಗಿಡೋಣವೆಂದರೆ ಅದು ತಾಯಿ ಬೀಸಿದುದು. ತಳದಲ್ಲಿ ಮದರಾಸು ಸರ್ಕಾರದ ಕಾಲದ ಜಮೀನಿನ ಕಾಗದಗಳು. ಅವನ್ನು ಬರೆದ ಮೇಲೆ ಈ ಸೀಮೆಯು 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆಗೂ, 2018ರಲ್ಲಿ ಮರಳಿ ಬಳ್ಳಾರಿಗೂ, 2021ರಲ್ಲಿ ವಿಜಯನಗರ ಜಿಲ್ಲೆಗೂ ಸಂದಿತು. ಮನೆ ಮಾತ್ರ ಇದ್ದಲ್ಲಿಯೇ ಇದೆ! ಒಂದಾನೊಂದು ಕಾಲಕ್ಕೆ ಪಾಂಡ್ಯರ ರಾಜಧಾನಿಯಾಗಿದ್ದ ದುರ್ಗದ ನೆರಳಿನಲ್ಲಿ ಬಾಳುವವರಿಗೆ ಇದು ಅಚ್ಚರಿಯಲ್ಲ.

ಕಾಗದಗಳ ವಿಚಾರವು ಸುಲಭ. ಕಷ್ಟವಾದುದು ಬೆಳ್ಳಿಯ ಕರಡಿಗೆಯದು.

ಲಿಂಗಾಯತರ ಮನೆಯಲ್ಲಿ ಹಿರಿಯರು ಲಿಂಗೈಕ್ಯರಾದಾಗ ಅವರನ್ನು ಕುಳ್ಳಿರಿಸಿ, ಎಡದ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ವಿಭೂತಿ ಬಿಲ್ವಪತ್ರೆಗಳೊಡನೆ ಸಮಾಧಿ ಮಾಡುವರಷ್ಟೆ. ಹೊಲಮನೆ ಪಾಲಾಗಬಹುದು, ಪಾತ್ರೆಪಡಗ ಪಾಲಾಗಬಹುದು. ಬಾಳೆಲ್ಲ ಎದೆಯ ಮೇಲಿದ್ದ ಆ ಲಿಂಗವು ಪಾಲಿಗೆ ಬರತಕ್ಕ ವಸ್ತುವಲ್ಲ. ಧರಿಸಿದವರೊಡನೆಯೇ ಅದು ಮಣ್ಣಿಗಿಳಿಯುವುದು. ಮನೆಯಲ್ಲಿ ಏನಾದರೂ ಉಳಿದರೆ ಅದು ಬರಿಯ ಕರಡಿಗೆ. 'ಇದನ್ನೇನು ಮಾಡೋಣರೀ ಅತ್ತೆ?' ಎಂದು ಸೊಸೆಯು ಕೇಳಿದರೆ ಅತ್ತೆಗೆ ಥಟ್ಟನೆ ಉತ್ತರ ಹೊಳೆಯದು. ಕರಗಿಸಿ ಗೆಜ್ಜೆ ಮಾಡಿಸಲು ಮನಸ್ಸೊಪ್ಪದು. ಗಾಜಿನ ಕಪಾಟಿನಲ್ಲಿಟ್ಟು ಬಂದವರಿಗೆ ತೋರಿಸುವುದೂ ಹಿತವಲ್ಲ. ಲಿಂಗವನ್ನೇ ಮಮತೆಗೆ ಬಿಟ್ಟುಕೊಡದ ಧರ್ಮವು ಅದರ ಕರಡಿಗೆಗೆ ಹೂವೇರಿಸುವುದನ್ನು ಒಪ್ಪೀತೆ? ಮೊಮ್ಮಗುವಿನ ಲಿಂಗಧಾರಣೆಯಂದು ಹೊಸ ಲಿಂಗಕ್ಕೆ ಅದನ್ನೇ ಮನೆಮಾಡಿಕೊಡುವುದು ಯೋಗ್ಯವಾದ ದಾರಿ.

ಕೂಡಿಡುವುದು ಸಲ್ಲದೆಂದು ಹೇಳುವವರು ಆಯ್ದಕ್ಕಿ ಮಾರಯ್ಯನನ್ನು ನೆನೆಯುವುದುಂಟು. ಅವನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಂಡತಿ ಲಕ್ಕಮ್ಮನು ಅದನ್ನು ತಿರುಗಿ ಸುರಿದು ಬರಲು ಹೇಳಿದಳಂತೆ. ಆದರೆ ಆ ಅಕ್ಕಿಗೂ ಅಜ್ಜಿಯ ಕೌದಿಗೂ ಭೇದವುಂಟು. ಅಕ್ಕಿ ಬಂದುದು ಆಸೆಯಿಂದ, ಕೌದಿ ಉಳಿದುದು ಪ್ರೀತಿಯಿಂದ. ಆಸೆಯನ್ನು ಗದರಿಸಿದಂತೆ ಪ್ರೀತಿಯನ್ನು ಗದರಿಸಲಾಗದು. ಕೌದಿಯು ಚಳಿಗೆ ಒದಗುವಷ್ಟು ಕಾಲ ಇರಲಿ.

ಇನ್ನು ದೇವರ ಜಗಲಿಯ ಮೇಲೆ ವಸ್ತ್ರದಲ್ಲಿ ಸುತ್ತಿಟ್ಟ ತಾಡವೋಲೆಯ ಕಟ್ಟು. ಅದಕ್ಕೆ ವಿಭೂತಿ ಧರಿಸಿ ಕೈಮುಗಿದವರು ಬಹುಮಂದಿ, ಬಿಚ್ಚಿ ಓದಿದವರು ವಿರಳ. ಹುಳುಹಿಡಿದಾಗ ಭಕ್ತಿಯಿಂದಲೇ ಹೊಳೆಗೆ ಬಿಟ್ಟ ಕಟ್ಟುಗಳೂ ನಾಡಿನಲ್ಲಿ ಕಡಿಮೆಯಲ್ಲ. ಇಂಥ ಮನೆಯ ಕಟ್ಟುಗಳೇ ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರ ಬಾಳನ್ನು ತಿರುಗಿಸಿದುವು. ಅವರು ಊರೂರು ಅಲೆದು ಓಲೆಗಳನ್ನು ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ತಮ್ಮ ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ನಿಲ್ಲಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ತೊಡಗಿದರು. ಪರರ ಜಗಲಿಯ ನಿಧಿಯನ್ನು ಉಳಿಸಲು ಆ ಪುಣ್ಯಾತ್ಮರು ತಮ್ಮ ಮನೆಯನ್ನು ಬಿಟ್ಟರು! ಅಂದು ಕಟ್ಟುಗಳನ್ನು ಕೊಟ್ಟವರ ಉಪಕಾರವೂ ಸಣ್ಣದಲ್ಲ. ಪೂಜೆಯ ವಸ್ತುವನ್ನು ಓದುವವನ ಕೈಗೆ ಒಪ್ಪಿಸಲು ನಂಬುಗೆಯನ್ನೇ ಒಂದಿಷ್ಟು ಸಡಿಲಿಸಬೇಕಾಗುತ್ತದೆ.

ಆದುದರಿಂದ ಈ ಸಲ ಸುಣ್ಣ ಬಳಿಯುವಾಗ ಅಂಥ ಕಟ್ಟು ಸಿಕ್ಕರೆ, ಅವಸರದಿಂದ ಎಳೆಯಬಾರದು. ಒಣಗಿದ ಗರಿಗಳು ಮುರಿಯುವುವು. ನೀರು ಸೋಕಿಸಬಾರದು. ಮೆತ್ತನೆಯ ಕುಂಚದಿಂದ ಧೂಳನ್ನು ತೆಗೆದು, ಮಠಕ್ಕಾಗಲಿ, 1991ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕಾಗಲಿ ತೋರಿಸಬೇಕು. ಜೊತೆಗೆ ಒಂದು ಚೀಟಿಯಲ್ಲಿ ಊರಿನ ಹೆಸರು, ಮನೆತನದ ಹೆಸರು, ಅದನ್ನು ಕಡೆಯದಾಗಿ ಪೂಜಿಸುತ್ತಿದ್ದ ಅಜ್ಜ ಅಥವಾ ಅಜ್ಜಿಯ ಹೆಸರು, ಇವನ್ನು ಬರೆದಿಡಬೇಕು.