ಕುಡಿಯದೆ ಉಳಿದ ಅರ್ಧ ಲೋಟ

ಆಂಧ್ರದ ಅನಂತಪುರ ಸೀಮೆಯ ರಾಯದುರ್ಗ, ಮಡಕಶಿರಾ ಕಡೆ ಬಿಸಿಲು ಏರಿತೆಂದರೆ ರಸ್ತೆ ಬದಿಗೆ ಗರಿಯ ಚಪ್ಪರ ಏಳುತ್ತದೆ. ಬೋರ್ಡಿನ ಮೇಲೆ ತೆಲುಗಿನಲ್ಲಿ ಚಲಿವೇಂದ್ರಂ. ನಮ್ಮ ಬಾಯಲ್ಲಿ ಅರವಟಿಗೆ. ಕೆರೆ ಕಟ್ಟಿಸಿದವರು, ಅರವಟಿಗೆ ಇಡಿಸಿದವರು ನಮ್ಮ ಶಾಸನಗಳಲ್ಲಿ ಎಷ್ಟು ಬೇಕಾದರೂ ಸಿಗುತ್ತಾರೆ. ನೀರು ಕೊಟ್ಟವರನ್ನು ಈ ಸೀಮೆ ಮರೆಯುವುದಿಲ್ಲ.

ಮರೆಯುವುದಾದರೂ ಹೇಗೆ? ಮಳೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್. ಬೋರ್ ಕೊರೆಸಿದರೆ ಎಷ್ಟೋ ಕಡೆ ಫ್ಲೋರೈಡ್: ಹಲ್ಲು ಕಂದಿಸಿ, ಮೂಳೆ ಬಗ್ಗಿಸುವ ನೀರು. 1995ರಲ್ಲಿ ಶ್ರೀ ಸತ್ಯಸಾಯಿ ಸೆಂಟ್ರಲ್ ಟ್ರಸ್ಟಿನವರು ಅನಂತಪುರ ಜಿಲ್ಲೆಯ 700ಕ್ಕೂ ಹೆಚ್ಚು ಹಳ್ಳಿಗಳಿಗೆ ಕುಡಿಯುವ ನೀರು ಹರಿಸಿದಾಗ ಜನ ಕೈಮುಗಿದರು. 1999ರಲ್ಲಿ ಅಂಚೆ ಇಲಾಖೆ ಅದರ ಸ್ಟಾಂಪನ್ನೇ ತಂದಿತು. 1953ರಲ್ಲಿ ರಾಯದುರ್ಗ ತಾಲ್ಲೂಕು ಬಳ್ಳಾರಿಯಿಂದ ಕಳಚಿ ಆಂಧ್ರಕ್ಕೆ ಸೇರಿತು, ನಿಜ. ತುಂಗಭದ್ರೆ ಮಾತ್ರ ಗಡಿ ಕೇಳದೆ ಮೇಲ್ಮಟ್ಟದ ಕಾಲುವೆಯಲ್ಲಿ ಈ ಕಡೆಗೆ ಬರುತ್ತಲೇ ಇದ್ದಾಳೆ.

ಸರಿ, ಕುಡಿದ ನೀರು ಹೊರಗೂ ಹೋಗಬೇಕಲ್ಲ? ಅದಕ್ಕೆ ನಾವು ಇವತ್ತಿಗೂ ‘ಹೊರಕಡೆ’, ‘ಬಯಲಕಡೆ’ ಎನ್ನುತ್ತೇವೆ. ನಮ್ಮ ಮಾತಿಗೇ ಗೋಡೆ ಇಲ್ಲ.

ಒಂದು ಬಸ್ ನಿಲ್ದಾಣ. ಯಾವ ಊರಿನದೆಂದು ಬೇಡ. ಅರವಟಿಗೆಯ ಹುಡುಗ ಒದ್ದೆ ಬಟ್ಟೆ ಸುತ್ತಿದ ಮಡಕೆಯಿಂದ ಲೋಟ ತುಂಬಿ ಕೊಟ್ಟ. ಜೀನ್ಸ್ ಹೊಲಿಯುವ ಕೆಲಸದ ಹೆಂಗಸು, ಬೆರಳ ತುದಿಗೆ ನೀಲಿ ಬಣ್ಣ ಹತ್ತಿತ್ತು. ಎರಡು ಗುಟುಕು ಕುಡಿದು ಲೋಟ ಇಟ್ಟುಬಿಟ್ಟಳು.

‘ಯಾಕವ್ವಾ, ಇಷ್ಟು ಬಿಸಿಲಲ್ಲಿ?’ ಎಂದೆ.

‘ಊರು ಮುಟ್ಟೋತನಕ ತಡಕೋಬೇಕಲ್ಲಣ್ಣಾ’ ಎಂದಳು.

ಶೌಚಾಲಯ ಇರಲಿಲ್ಲವೆಂದಲ್ಲ, ಇತ್ತು. ಗೋಡೆಗೆ ಹೊಸ ಸುಣ್ಣ, ಬಾಗಿಲಿಗೆ ಬೀಗ. ಬೀಗ ತೆಗೆದ ದಿನ ಒಳಗಿನ ನಲ್ಲಿಯಲ್ಲಿ ನೀರಿರುವುದಿಲ್ಲ, ನೀರಿದ್ದ ದಿನ ಚಿಲಕ ಇರುವುದಿಲ್ಲ. ಗಂಡಸರಿಗೇನು, ಯಾವ ಗೋಡೆಯಾದರೂ ಆದೀತು. ‘ಇಲ್ಲಿ ಮೂತ್ರ ಮಾಡಬಾರದು’ ಎಂದು ಬರೆದ ಗೋಡೆಯಾದರೆ ಇನ್ನೂ ಅನುಕೂಲ! ಹೆಂಗಸರು ಬಾಯಾರಿಕೆಯನ್ನೇ ಕಟ್ಟಿಕೊಳ್ಳುತ್ತಾರೆ. ಉರಿಮೂತ್ರ ಬಂದರೆ ‘ಉಷ್ಣ ಆಗಿದೆ’ ಎಂದು ಎಳನೀರು ಕುಡಿದು ಸುಮ್ಮನಾಗುತ್ತಾರೆ.

ಕಟ್ಟಡಕ್ಕೆ ದುಡ್ಡು ಹೇಗೋ ಬರುತ್ತದೆ. ಕಟ್ಟಿದ ಮೇಲೆ ದಿನಾ ತೊಟ್ಟಿ ತುಂಬಿಸುವವರು, ತೊಳೆಯುವವರು, ರಾತ್ರಿ ಕಡೆಯ ಬಸ್ಸಿನವರೆಗೆ ಕೀಲಿ ಇಟ್ಟುಕೊಂಡು ಕೂರುವವರು ಯಾರು? ಅವರ ಸಂಬಳಕ್ಕೆ ಶಿಲಾಫಲಕ ಇಲ್ಲ, ಹಾಗಾಗಿ ದಾನಿಗಳೂ ಇಲ್ಲ.

ಮುಂದಿನ ಬೇಸಿಗೆಗೆ ಅರವಟಿಗೆಯ ಚಂದಾ ಎತ್ತಲು ಹುಡುಗರು ಬಂದೇ ಬರುತ್ತಾರೆ. ಕೊಡೋಣ. ಆಮೇಲೆ ನಾನು ಇನ್ನೊಂದು ನೋಟು ತೆಗೆದು, ಇದು ಪಕ್ಕದ ಶೌಚಾಲಯ ತೊಳೆಯುವಾಕೆಯ ಸಂಬಳಕ್ಕೆ ಎನ್ನುವವನಿದ್ದೇನೆ. ರಸೀದಿಯಲ್ಲಿ ಏನಂತ ಬರೆಯುತ್ತಾರೋ ನೋಡಬೇಕು.