ಶಿಶುವಿನ ಮೈಮೇಲಿನ ಗಂಟು: ಕಾಯಬಾರದ ಕಾಯಿಲೆ
(ಜುಮಾ ಖುತ್ಬಾದ ಸಾರಾಂಶ, ದೊಡ್ಡಬಳ್ಳಾಪುರ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಸಲಾತ್, ಸಲಾಮ್.

ಪ್ರಿಯ ಸಹೋದರರೇ, ಮಕ್ಕಳು ಅಲ್ಲಾಹನು ನಮ್ಮ ಕೈಗೊಪ್ಪಿಸಿದ ಅಮಾನತ್. ಕಾಯಿಲೆ ಬಂದರೆ ಚಿಕಿತ್ಸೆ ಪಡೆಯಿರೆಂದು ಪ್ರವಾದಿ(ಸ)ಯವರೇ ಕಲಿಸಿದ್ದಾರೆ. ದುಆ ಮಾಡೋಣ, ಆಸ್ಪತ್ರೆಗೂ ಹೋಗೋಣ.

ಕೆಲವು ಶಿಶುಗಳ ಚರ್ಮದ ಮೇಲೆ ಹುಟ್ಟಿದ ಕೆಲವೇ ವಾರಗಳಲ್ಲಿ ಕೆಂಪು ಗಂಟು ಕಾಣಿಸುತ್ತದೆ. ರಕ್ತನಾಳಗಳ ಈ ಗಂಟುಗಳಲ್ಲಿ ಹೆಚ್ಚಿನವು ಕೆಲವು ತಿಂಗಳು ಬೆಳೆದು, ಬಳಿಕ ನಿಧಾನವಾಗಿ ತಾವೇ ಕುಗ್ಗುತ್ತವೆ. ಆದರೆ ಅಪರೂಪದ ಇನ್ನೊಂದು ಬಗೆಯಿದೆ. ಅದು ನೇರಳೆ ಬಣ್ಣಕ್ಕೆ ತಿರುಗಿ, ಗಟ್ಟಿಯಾಗಿ, ಬಿಸಿಯಾಗಿ, ದಿಢೀರನೆ ಊದಿಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳನ್ನು ತನ್ನೊಳಗೇ ಹಿಡಿದಿಡುತ್ತದೆ. ಸಾಮಾನ್ಯವಾಗಿ 1.5 ಲಕ್ಷಕ್ಕಿಂತ ಹೆಚ್ಚಿರಬೇಕಾದ ಎಣಿಕೆ 50 ಸಾವಿರಕ್ಕಿಂತಲೂ ಕೆಳಗಿಳಿಯಬಹುದು. ಆಗ ಮೈಯಲ್ಲಿ ಕೆಂಪು ಚುಕ್ಕೆಗಳು, ಕಂದಿದ ಕಲೆಗಳು ಮೂಡುತ್ತವೆ. ರಕ್ತಸ್ರಾವವಾಗಿ ಜೀವಕ್ಕೇ ಅಪಾಯ ಬರಬಹುದು. 1940ರಲ್ಲಿ ಇದನ್ನು ವರದಿ ಮಾಡಿದ ಇಬ್ಬರು ವೈದ್ಯರ ನೆನಪಿಗೆ ಇದನ್ನು ಕಸಬಾಕ್-ಮೆರಿಟ್ ಸಮಸ್ಯೆ ಎನ್ನುತ್ತಾರೆ.

ಈ ಲಕ್ಷಣ ಕಂಡರೆ ನಜರ್ ಎಂದು ತಾಯಿತ ಕಟ್ಟಿ ದಿನ ಕಳೆಯಬೇಡಿ. ಬರೆ ಹಾಕಬೇಡಿ, ಗಂಟನ್ನು ತಿಕ್ಕಬೇಡಿ, ಚುಚ್ಚಬೇಡಿ. ಗ್ರಹಣದ ಮಾತೆತ್ತಿ ಬಾಣಂತಿಯನ್ನು ದೂರಬೇಡಿ. ಇದರಲ್ಲಿ ಆಕೆಯ ತಪ್ಪೇನೂ ಇಲ್ಲ. ಅದೇ ದಿನ ತಾಲೂಕು ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನಲ್ಲಿ ಸರಕಾರದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಿದೆ. ತುರ್ತಾದರೆ 108ಕ್ಕೆ ಕರೆ ಮಾಡಿ.

ಮಗುವಿಗೆ ಪ್ಲೇಟ್‌ಲೆಟ್ ಕಡಿಮೆ ಎಂದು ತಿಳಿದೊಡನೆ ನಮ್ಮ ಯುವಕರು ರಕ್ತದಾನಕ್ಕೆ ಓಡುತ್ತಾರೆ. ಅಲ್ಲಾಹನು ಅವರಿಗೆ ಪ್ರತಿಫಲ ನೀಡಲಿ. ಆದರೆ ಈ ಕಾಯಿಲೆಯಲ್ಲಿ ಕೊಟ್ಟ ಪ್ಲೇಟ್‌ಲೆಟ್ ಕೂಡ ಗಂಟಿನಲ್ಲೇ ಸಿಕ್ಕಿಕೊಂಡು ಅದನ್ನು ಇನ್ನಷ್ಟು ಊದಿಸಬಹುದು. ಆದ್ದರಿಂದ ರಕ್ತ ಸೋರುತ್ತಿದ್ದರೆ ಅಥವಾ ಶಸ್ತ್ರಕ್ರಿಯೆ ಬೇಕಿದ್ದರೆ ಮಾತ್ರ ವೈದ್ಯರು ಅದನ್ನು ಕೊಡುತ್ತಾರೆ. "ಯಾಕೆ ಏರಿಸುತ್ತಿಲ್ಲ" ಎಂದು ಅವರೊಡನೆ ಜಗಳಕ್ಕಿಳಿಯಬೇಡಿ. ನಿಜವಾದ ಮದ್ದು ಗಂಟನ್ನೇ ಕುಗ್ಗಿಸುವುದು. ಅದಕ್ಕೆ ಸಿರೋಲಿಮಸ್, ಸ್ಟೀರಾಯ್ಡ್, ವಿನ್‌ಕ್ರಿಸ್ಟಿನ್ ಔಷಧಗಳಿವೆ. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ. ಗಂಟು ಇಳಿಯಿತೆಂದು ನೀವಾಗಿಯೇ ಔಷಧ ನಿಲ್ಲಿಸಬೇಡಿ. ಈ ಔಷಧಗಳಿಂದ ಸೋಂಕು ತಡೆಯುವ ಶಕ್ತಿ ತಗ್ಗುತ್ತದೆ. ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಇನ್ನೊಂದು ಮಾತು. ಇಂಥ ಮಗುವಿಗೆ ವೈದ್ಯರು ಒಪ್ಪುವವರೆಗೆ ಖತ್ನಾ ಮಾಡಿಸಬೇಡಿ. ಅಕೀಕಾದ ತಲೆಗೂದಲು ತೆಗೆಸುವ ಮುನ್ನವೂ ಅವರನ್ನು ಕೇಳಿ. ಮಗು ಗುಣವಾಗುವವರೆಗೆ ಮುಂದೂಡಲು ದೀನ್ ಅವಕಾಶ ಕೊಟ್ಟಿದೆ.

ಮಗ್ಗದ ಕೂಲಿ ಬಿಟ್ಟು ವಾರವಾರ ಬೆಂಗಳೂರಿಗೆ ಓಡಾಡುವ ತಂದೆಯ ಬಸ್ ಖರ್ಚು, ಮನೆಯಲ್ಲುಳಿದ ಮಕ್ಕಳ ಊಟ ಮೊಹಲ್ಲಾದ ಹೊಣೆ. ಅರ್ಹರಿಗೆ ಝಕಾತ್ ತಲುಪಿಸೋಣ.

ಅಲ್ಲಾಹನು ಕಾಯಿಲೆಯ ಎಲ್ಲ ಮಕ್ಕಳಿಗೂ ಶಿಫಾ ಕರುಣಿಸಲಿ. ಆಮೀನ್.